ಕಿವಿಗೆ ಅಂಟಿದ ಬಂಡೆ

ಹೊಳೆದಂಡೆಯ ಹಳೇ ಛತ್ರದಲ್ಲಿ ಅಚ್ಯುತ ಮೇಷ್ಟ್ರು ಹನ್ನೊಂದು ಜನಕ್ಕೆ ಸಿನಿಮಾ ಕಲಿಸುತ್ತಿದ್ದರು. ಇದ್ದದ್ದು ಒಂದೇ ಕ್ಯಾಮೆರಾ. ಒಬ್ಬೊಬ್ಬರಿಗೆ ಒಂದೊಂದು ದಿನ.

ಆ ದಿನಕ್ಕೆ ಮೊದಲು ಸ್ಟೋರಿಬೋರ್ಡ್ ತೋರಿಸಬೇಕು. ತೆಗೆಯಬೇಕೆಂದಿರುವ ಒಂದೊಂದು ಶಾಟನ್ನೂ ಒಂದೊಂದು ಚೌಕದೊಳಗೆ ಚಿತ್ರ ಬರೆದು ತರಬೇಕು. ಮೇಷ್ಟ್ರು ಒಪ್ಪದಿದ್ದರೆ ಕ್ಯಾಮೆರಾ ಮುಂದಿನವರಿಗೆ.

ಶರ್ವಾಣಿಯ ದಿನ ನಾಳೆ.

ಅವಳು ಮಾತು ಕಡಿಮೆಯ ಹುಡುಗಿ. ಬಾಯಿ ತೆರೆದರೆ ಕನ್ನಡವೂ ಇಂಗ್ಲಿಷೂ ಒಂದನ್ನೊಂದು ತಳ್ಳಿಕೊಂಡು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದವು. ಊಟದ ಹೊತ್ತಿಗೆ ತಟ್ಟೆ ಹಿಡಿದು ಮಹಡಿಯ ಕೋಣೆಗೆ ಹೋಗಿ ಕಿಟಕಿಯ ಪಕ್ಕ ಕೂರುವಳು. ಮಿಕ್ಕವರು ಅವಳಿಗೆ ಕಿಟಕಿ ಮೇಡಂ ಎಂದು ಹೆಸರಿಟ್ಟಿದ್ದರು. ಅದಕ್ಕೂ ಅವಳು ಸುಮ್ಮನೆ ನಕ್ಕು ಮೆಟ್ಟಿಲು ಹತ್ತುತ್ತಿದ್ದಳು.

ಆ ಕಿಟಕಿಯಿಂದ ಅಡುಗೆಮನೆಯ ನಿಂಗಾಜಮ್ಮ ಕಾಣುತ್ತಿದ್ದರು. ಎಲ್ಲರಿಗೂ ಬಡಿಸಿದ ಮೇಲೆ ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಹೊರಗೆ ಬಂದು, ಹೊಳೆಯ ಮೆಟ್ಟಿಲ ಮೇಲೆ ಒಬ್ಬರೇ ಓರೆಯಾಗಿ ಕೂತು ಉಣ್ಣುವರು. ಎಷ್ಟೋ ಹೊತ್ತು ತುತ್ತು ಕೈಯಲ್ಲೇ ಇರುತ್ತಿತ್ತು. ಅವರು ಅಲುಗಾಡುತ್ತಲೂ ಇರಲಿಲ್ಲ.

ಎರಡು ತಿಂಗಳು ಶರ್ವಾಣಿ ಅವರನ್ನೇ ಬರೆದಳು. ಅವಳ ಸಿನಿಮಾ ಅಷ್ಟೇ: ಯಾರೂ ಇಲ್ಲದ ಒಬ್ಬ ಹೆಂಗಸಿನ ಮಧ್ಯಾಹ್ನದ ಊಟ. ನಲವತ್ತೆರಡು ಚೌಕಗಳು.

ಆ ಚೌಕಗಳ ಪುಸ್ತಕವನ್ನು ಮೇಷ್ಟ್ರು ಜಗಲಿಯಲ್ಲಿ ಕೂತು ನಿಧಾನವಾಗಿ ನೋಡಿದರು. ಗೆರೆ ಚೆನ್ನಾಗಿದೆ ಎಂದರು. ಕೊನೆಯವರೆಗೂ ಹೋಗಿ, ಮತ್ತೆ ಹಿಂದಕ್ಕೆ ಬಂದು ಒಂದು ಮುಖದ ಮೇಲೆ ಬೆರಳಿಟ್ಟರು.

"ಆಚೆ ದಡದ ಬಂಡೆ ಈಕೆಯ ಕಿವಿಗೇ ಅಂಟಿಕೊಂಡಿದೆಯಲ್ಲ."

ಶರ್ವಾಣಿ ಬಗ್ಗಿ ನೋಡಿದಳು. ದೂರದಲ್ಲಿ ನಿಂತು ಉದ್ದ ಲೆನ್ಸಿನಿಂದ ಮುಖವನ್ನು ಎಳೆದುಕೊಂಡರೆ ಹಿಂದಿರುವುದೂ ಅದರ ಜೊತೆಗೇ ಬಂದು ಅಂಟುತ್ತದೆ. ಪಾಠದಲ್ಲಿ ಕೇಳಿದ್ದಳು; ಅವಳ ಚಿತ್ರದಲ್ಲೂ ಹಾಗೇ ಆಗಿತ್ತು.

"ಎಲ್ಲಿಂದ ನೋಡಿದೆ?"

"ಕಿಟಕಿಯಿಂದ ಸರ್."

"ಈ ಕೈ?"

"ಅದೂ ಅಲ್ಲಿಂದಲೇ."

"ಕಣ್ಣು?"

ಅವಳು ಚೌಕಗಳನ್ನೆಲ್ಲ ನೋಡಿದಳು. ನಲವತ್ತೆರಡೂ ಅಲ್ಲಿಂದಲೇ.

"ಹತ್ತಿರ ಹೋಗಿ ಹೊಳೆಯ ಕಡೆಯಿಂದ ನೋಡಿದರೆ ಅವರ ಹಿಂದೆ ಏನು ಕಾಣುತ್ತೆ?"

"ಗೊತ್ತಿಲ್ಲ ಸರ್."

ಮೇಷ್ಟ್ರು ಪುಸ್ತಕ ಮುಚ್ಚಿ ಕೈಗೆ ಕೊಟ್ಟರು. "ನೋಡಿಕೊಂಡು ಬಾ."

ನಾಳೆ ಶೂಟಿಂಗ್ ಹೊತ್ತಿಗೆ ಹೇಗೂ ಹತ್ತಿರವೇ ಕ್ಯಾಮೆರಾ ಇಡುತ್ತೇನಲ್ಲ ಎಂದು ಅವಳು ಗೊಣಗಿದಳು. ಮೇಷ್ಟ್ರು ಆಗಲೇ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು.

ಊಟದ ಗಂಟೆ ಹೊಡೆಯಿತು. ಮಿಕ್ಕವರದು ಮುಗಿದ ಮೇಲೆ ನಿಂಗಾಜಮ್ಮ ಬಂದು ಕೂತರು. ಶರ್ವಾಣಿ ತಾನಿನ್ನೂ ಉಣ್ಣದೆ, ಪುಸ್ತಕವನ್ನು ಎದೆಗೆ ಒತ್ತಿಕೊಂಡು ಇಳಿದು ಹೋಗಿ, ಅವರಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತಳು. ಪುಸ್ತಕ ಚಾಚಿದಳು.

ನಿಂಗಾಜಮ್ಮ ಎಡಗೈಯಲ್ಲೇ ಪುಟ ತಿರುವಿದರು. ತಮ್ಮ ಮೂಗು ಇಷ್ಟು ದಪ್ಪವೇ ಎಂದು ಕೇಳಿದರು. ಸೀರೆ ಮಾತ್ರ ಚೆನ್ನಾಗಿ ಬಂದಿದೆ ಎಂದರು. ಆಮೇಲೆ, ಇದೆಲ್ಲ ಸೇರಿ ಏನು ಕಥೆ ಎಂದರು.

"ನೀವು ಒಬ್ರೇ ಇರ್ತೀರಲ್ಲ," ಎಂದಳು ಶರ್ವಾಣಿ. "ಅದು."

ನಿಂಗಾಜಮ್ಮನಿಗೆ ನಗು ತಡೆಯಲಾಗಲಿಲ್ಲ.

"ನಾನೆಲ್ಲಿ ಒಬ್ಳು ಕೂಸೇ? ಒಳಗೆ ಮೂರು ಜನ ಇದ್ದೀವಿ. ಇಲ್ಲದ ಮಾತೆಲ್ಲ ಆಡ್ಕಂಡು ಒಟ್ಟಿಗೇ ಉಣ್ತಿದ್ದೊ."

"ಮತ್ತೆ ಇಲ್ಲಿ?"

"ಒಂದಿನ ಸಂಡಿಗೆ ಕಾಯೋಕೆ ಅಂತ ಇಲ್ಲಿ ಕೂತಿದ್ದೆ. ತಲೆಯೆತ್ತಿ ನೋಡಿದ್ರೆ ನೀನು ಮೇಲೆ ಒಬ್ಳೇ ಕೂತ್ಕಂಡು ನನ್ನ ಬರೀತಿದ್ದೆ. ಎದ್ದೋದ್ರೆ ನಿನ್ನ ಚಿತ್ರ ಅರ್ಧಕ್ಕೆ ನಿಂತೋಯ್ತದಲ್ಲ ಅಂತ ಕೂತೆ. ಮಾರನೇ ದಿನಾನೂ ಬರೀತಿದ್ದೆ. ಅವತ್ತಿಂದ ದಿನಾ ಬಂದೆ. ಬೆನ್ನು ಹಿಡ್ಕತದೆ. ಆದ್ರೂ ಅಲ್ಲಾಡ್ನಿಲ್ಲ ಕನವ್ವ."

ಶರ್ವಾಣಿ ತಲೆಯೆತ್ತಿದಳು. ನಿಂಗಾಜಮ್ಮನ ಹಿಂದೆ ಬಂಡೆ ಇರಲಿಲ್ಲ. ಅಡುಗೆಮನೆಯ ಬಾಗಿಲು, ಒಳಗೆ ಇಬ್ಬರು ಹೆಂಗಸರ ನಗು. ಬಾಗಿಲ ಮೇಲೆ ಮಹಡಿಯ ಕಿಟಕಿ. ಕಿಟಕಿಯಲ್ಲಿ ಯಾರೂ ಇರಲಿಲ್ಲ.

ಅದನ್ನು ಅವಳು ಸುಮಾರು ಹೊತ್ತು ನೋಡಿದಳು.

ಕೊನೆಗೆ, ಇನ್ನು ಮೇಲೆ ಒಳಗೇ ಉಣ್ಣಿ, ನನಗೋಸ್ಕರ ಬಿಸಿಲಲ್ಲಿ ಕೂರಬೇಡಿ ಎಂದಳು.

"ಹಂಗಾದ್ರೆ ನೀನು ಯಾರ ಜೊತೆ ಉಣ್ತೀಯ?" ಎಂದು ಕೇಳಿದರು ನಿಂಗಾಜಮ್ಮ.

ಶರ್ವಾಣಿ ಎದ್ದಳು. ಸರ್ ಕರೆಯುತ್ತಿದ್ದಾರೆ ಎಂದು ಸುಳ್ಳು ಹೇಳಿ ಬೇಗ ಬೇಗ ಮೆಟ್ಟಿಲು ಹತ್ತಿ ಬಂದಳು.

ಜಗಲಿಯಲ್ಲಿ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದಳು.

"ಕಥೆಯೇ ಸುಳ್ಳು ಸರ್. ಎರಡು ತಿಂಗಳು ನಾನು ಬರೆದದ್ದು ಅವರನ್ನಲ್ಲ. ಕ್ಯಾಮೆರಾ ಬೇರೆಯವರಿಗೆ ಕೊಟ್ಟುಬಿಡಿ."

ಮೇಷ್ಟ್ರು ಪುಸ್ತಕವನ್ನು ಕೇಳಲಿಲ್ಲ.

"ಯಾರ ಜೊತೆ ಉಣ್ತೀಯ ಅಂತ ಕೇಳಿದರಲ್ಲ. ನೀನು ಏನಂದೆ?"

"ನೀವು ಕರೀತಿದ್ದೀರಿ ಅಂತ ಸುಳ್ಳು ಹೇಳಿ ಎದ್ದು ಬಂದೆ."

ಮೇಷ್ಟ್ರು ಹೊಳೆಯ ಕಡೆಗೊಮ್ಮೆ ನೋಡಿದರು.

"ಕ್ಯಾಮೆರಾ ನಾಳೆ ತಾನೇ," ಎಂದರು. "ಈಗ ತಟ್ಟೆ ತಗೊಂಡು ಬೇಗ ಹೋಗು. ಅವರಿನ್ನೂ ಕೈ ತೊಳೆದಿರಲಿಕ್ಕಿಲ್ಲ."