ಓದಲ್ಲ ಅಂದವರ ಮನೆಗೆ

ಯಾವ ಹುಡುಗ ಓದಲ್ಲ ಅಂದರೂ ಓಬಳೇಶಪ್ಪ ಮೇಷ್ಟ್ರು ಶಾಲೆಯ ಜವಾನನನ್ನು ಕರೆದು, "ಹೋಗಿ ಇವನ ಮನೆಯವರನ್ನ ಕರ್ಕೊಂಡು ಬಾ" ಅನ್ನುತ್ತಿದ್ದರು. ಸೈಕಲ್ ತುಳಿದು ತುಳಿದು ಪಾಪ, ಜವಾನನ ಮೊಣಕಾಲು ಸವೆದಿತ್ತು.

ಒಮ್ಮೆ ಶಿಕ್ಷಕರಿಗೇ ಒಂದು ಡಿಪ್ಲೊಮಾ ಕೋರ್ಸು ಬಂತು. ಶಾಲೆಯ ಶಿಕ್ಷಕರೆಲ್ಲ ಸೇರಿದರೆ ಮಾತ್ರ ಸೀಟು. ಕಿರಿಯ ಟೀಚರುಗಳಿಗೆ ಬಲು ಆಸೆ. ಮೇಷ್ಟ್ರು ಮಾತ್ರ ಕಾಲ ಮೇಲೆ ಕಾಲು ಹಾಕಿ, "ಈ ವಯಸ್ಸಲ್ಲಿ ನಾನು ಓದಲ್ಲ. ಹೋಗಿ ಹೆಡ್ ಮೇಡಂಗೆ ಹೇಳು" ಎಂದು ಜವಾನನಿಗೆ ಅಪ್ಪಣೆ ಮಾಡಿದರು. ಟೀಚರುಗಳ ಮುಖ ಬಾಡಿತು.

"ಆಯ್ತು ಸಾರ್" ಎಂದ ಜವಾನ ಮೇಡಂ ಹತ್ತಿರ ಹೋಗಲಿಲ್ಲ. ಸೈಕಲ್ ಹತ್ತಿದ. ಮರಳಿ ಬಂದಾಗ ಕ್ಯಾರಿಯರ್ ಮೇಲೆ ಎಲೆಅಡಿಕೆ ಚೀಲ ಹಿಡಿದ ಮುದುಕಿ ಕೂತಿದ್ದಳು. ಮೇಷ್ಟ್ರ ಅವ್ವ.

"ಏನ್ಲಾ ಓಬಳೇಶ, ಓದಲ್ಲ ಅಂದ್ಯಂತೆ?"

ಮೇಷ್ಟ್ರು ದಡಕ್ಕನೆ ಎದ್ದು ಕೈಕಟ್ಟಿ ನಿಂತರು. ಜವಾನನ ಕಡೆ ಕಣ್ಣು ಕೆಂಪಗೆ ಮಾಡಿದರು.

"ಓದಲ್ಲ ಅಂದೋರ ಮನೆಗೆ ಹೋಗೋದು ನನ್ನ ಕೆಲಸ ಅಲ್ವಾ ಸಾರ್? ನೀವೇ ಕಲಿಸಿದ್ದು."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೋರ್ಸಿನ ಅರ್ಜಿಗೆ ರುಜು ಹಾಕಿದರು.

ಹೊರಡುವಾಗ ಅವ್ವ ಹೆಡ್ ಮೇಡಂ ಕೈ ಹಿಡಿದು, ಊರಿನ ಎಲ್ಲ ತಾಯಂದಿರೂ ಹೇಳುವ ಮಾತನ್ನೇ ಹೇಳಿದಳು: "ಓದದಿದ್ರೆ ಕಣ್ಣೊಂದು ಬಿಟ್ಟು ಎಲ್ಲಿಗಾದ್ರೂ ಬಾರಿಸವ್ವಾ. ನಾನೇನೂ ಕೇಳಕಿಲ್ಲ."