ಮೂರು ಸಲ ಗೆದ್ದ ಕೋಟೆ

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಕೆಂಗಲ್ಲುಗಡ ಅಂತ ಒಂದು ರಾಜ್ಯ. ಅಲ್ಲಿ ಬೀರರಸ ಅಂತ ಒಬ್ಬ ಎಳೆಯ ರಾಜ. ಒಳ್ಳೆಯವನೇ. ಆದರೆ ಯುದ್ಧದ ಕಥೆ ಕೇಳಿದರೆ ಮೈಮರೆಯುತ್ತಿದ್ದ.

ಹಿರಿಯರ ಯುದ್ಧಚರಿತ್ರೆಯನ್ನು ಸಭೆಯಲ್ಲಿ ಓದುವವಳು ಚಂದಲಬ್ಬೆ. ಅಲ್ಲೊಂದು ಪದ್ಧತಿ. ಗೆಲುವಿನ ಮಾತು ಬಂದ ಕೂಡಲೇ ಓದು ನಿಲ್ಲಿಸಬೇಕು, ಆರತಿ ಎತ್ತಬೇಕು, ಕೋಸಂಬರಿ ಹಂಚಬೇಕು. ಮುಂದಿನದನ್ನು ಬಾಯಲ್ಲಿ ಹೇಳುವುದೂ ಅಶುಭವಂತೆ.

ದಂಡನಾಯಕ ಮಾಚಯ್ಯನಿಗೆ ಪಕ್ಕದ ರಾಜ್ಯದ ಕಾರೆಕೋಟೆಯ ಮೇಲೆ ಕಣ್ಣು. ಗೆದ್ದರೆ ಅದರ ಒಡೆತನ ತನಗೇ ಎಂಬ ಆಸೆ. ಮೊದಲ ದಿನ ರಾಜನ ಮುತ್ತಜ್ಜನ ಯುದ್ಧ ಓದಿಸಿದ. ಮುತ್ತಜ್ಜ ಕಾರೆಕೋಟೆ ಗೆದ್ದ. ಕೂಡಲೇ ಮಾಚಯ್ಯ ಕೂಗಿದ. "ನಿಲ್ಲಿಸಮ್ಮ, ಮಂಗಳವಾಯಿತು!" ಎರಡನೆಯ ದಿನ ಅಜ್ಜನ ಯುದ್ಧ. ಅಜ್ಜನೂ ಕಾರೆಕೋಟೆ ಗೆದ್ದ. "ನಿಲ್ಲಿಸಮ್ಮ, ಮಂಗಳವಾಯಿತು!" ಮೂರನೆಯ ದಿನ ಅಪ್ಪನ ಯುದ್ಧ. ಅಪ್ಪನೂ ಅದನ್ನೇ ಗೆದ್ದ.

ರಾಜ ಎದ್ದು ನಿಂತ. "ನಾಳೆಯೇ ದಂಡು ಹೊರಡಲಿ!"

ಚಂದಲಬ್ಬೆಯ ತಮ್ಮ ಆ ದಂಡಿನಲ್ಲಿ ಬಿಲ್ಲುಗಾರ. ಅವಳು ಓಲೆಯ ಕಟ್ಟು ಕೆಳಗಿಡದೆ ಕೇಳಿದಳು.

"ಬುದ್ಧೀ, ಒಂದು ಸಂಶಯ. ಮೂರು ಸಲ ಗೆದ್ದ ಕೋಟೆ ನಮ್ಮದಾಗಿರಬೇಕಲ್ಲ? ಮತ್ತೆ ಯಾಕೆ ಗೆಲ್ಲಬೇಕು?"

ಮಾಚಯ್ಯ ನಕ್ಕ. "ಕೋಸಂಬರಿ ಹಂಚಮ್ಮ, ಸಂಶಯ ಹಂಚಬೇಡ."

"ಆಗಲಿ ದಂಡನಾಯಕರೇ. ಮುತ್ತಜ್ಜನ ದಂಡನಾಯಕರಿಗೆ ಸಿಕ್ಕಿದ್ದೇ ನಿಮಗೂ ಸಿಗಲಿ. ಒಪ್ಪಿಗೆಯೇ?"

"ಒಪ್ಪದೆ ಇರ್ತೀನಾ? ಅವರಿಗೆ ಕೋಟೆಯೇ ಸಿಕ್ಕಿತು! ರಾಜರ ಪಾದದಾಣೆ, ನನಗೂ ಅದೇ ಬೇಕು."

"ಹಾಗಾದರೆ ಏನು ಸಿಕ್ಕಿತು ಅಂತ ಓದಿಬಿಡ್ತೀನಿ."

ರಾಜ ಹೂಂ ಅಂದ. ಅದುವರೆಗೆ ಸಭೆಯಲ್ಲಿ ಯಾರೂ ತಿರುವದ ಓಲೆಯನ್ನು ಅವಳು ತಿರುವಿದಳು.

"ಗೆದ್ದ ಕೋಟೆ ಕಾಯಲು ದಂಡನಾಯಕನನ್ನು ಬಿಟ್ಟು ರಾಜ ಮರಳಿದ. ಶತ್ರುಗಳು ದಾರಿ ಕಟ್ಟಿದರು. ಒಳಗಿದ್ದವರು ಮೊದಲು ಕುದುರೆ ತಿಂದರು. ಆಮೇಲೆ ಕುದುರೆಯ ಜೀನಿನ ಚರ್ಮ ಬೇಯಿಸಿ ತಿಂದರು. ಆಮೇಲೆ ತಿನ್ನಲು ಯಾರೂ ಉಳಿಯಲಿಲ್ಲ."

ಅಜ್ಜನ ಯುದ್ಧದ ಮುಂದಿನ ಓಲೆ ತಿರುವಿದಳು. ಅದೇ ಕಥೆ. ಅಪ್ಪನದ್ದೂ ಅದೇ. ಕೊನೆಗೆ ಸತ್ತವರ ಹೆಸರು, ಸಾಲುಸಾಲು. ಸಭೆಯಲ್ಲಿದ್ದ ಮುದುಕನೊಬ್ಬ ತನ್ನಣ್ಣನ ಹೆಸರು ಕೇಳಿ, ಹೆಗಲ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡ.

ರಾಜ ಮಾಚಯ್ಯನತ್ತ ತಿರುಗಿದ. "ದಂಡನಾಯಕರೇ, ಆಣೆ ಇಟ್ಟಿದ್ದೀರಿ. ಕೋಟೆ ಕಾಯಲು ನೀವೇ ಉಳಿಯಬೇಕು. ಹೊರಡೋಣವೇ?"

ಮಾಚಯ್ಯ ಮಂಡಿ ಹಿಡಿದುಕೊಂಡ. "ಬುದ್ಧೀ... ನನ್ನ ಮಂಡಿನೋವು ಜೋರಾಗಿದೆ. ಪಕ್ಕದ ರಾಜ್ಯದ ರಾಜರ ಜೊತೆ ಕೂತು ಮಾತಾಡಿದರೆ ಹೇಗೆ?"

ಸಭೆ ಗೊಳ್ಳೆಂದು ನಕ್ಕಿತು. ದಂಡು ಹೊರಡಲಿಲ್ಲ. ಮಾಚಯ್ಯನ ಪದವಿ ಮಾತ್ರ ಹೊರಟುಹೋಯಿತು.

ಸಂತೆಯಲ್ಲಿ ಚೀಲದ ಮೇಲಿನ ಕಾಳು ನೋಡಿ ಕೊಳ್ಳುವವರೇ ಹೆಚ್ಚು. ನೀವು ತಳಕ್ಕೆ ಕೈ ಹಾಕಿ. ಯುದ್ಧದ ಚರಿತ್ರೆಯನ್ನೂ ಗೆಲುವಿಗೇ ನಿಲ್ಲಿಸದೆ ಕೊನೆತನಕ ಓದಿ. ಆಮೇಲೂ ಯುದ್ಧವೇ ಬೇಕು ಅನ್ನುವವನು ಸಿಕ್ಕರೆ, "ಅಲ್ಲಿ ನೀನೆಲ್ಲಿ ನಿಲ್ಲುತ್ತೀಯಪ್ಪಾ?" ಅಂತ ಮೊದಲು ಕೇಳಿ.