ಹಲ್ಲು ಮಸೆಯುತ್ತಿದ್ದ ಕತ್ತೆಕಿರುಬ

ಎಲುಬನ್ನು ಹಪ್ಪಳದಂತೆ ಮುರಿದು ತಿನ್ನುತ್ತಿದ್ದ ಕತ್ತೆಕಿರುಬನಿಗೆ ದವಡೆಯ ಕೀಲು ಹಿಡಿದುಕೊಂಡಿತು. ಬಾಯಿ ತೆರೆದರೆ ಕಿವಿಯ ಬುಡದಲ್ಲಿ ಕಟ್ ಎನ್ನುತ್ತಿತ್ತು, ಕೆನ್ನೆಯ ಸ್ನಾಯು ಕಲ್ಲಾಗುತ್ತಿತ್ತು. ತಿನ್ನಲಾಗದೆ ಸೊರಗಿದ್ದ ಅವನು, ಹೊಂಡದಲ್ಲಿ ಮೆಲುಕು ಹಾಕುತ್ತಿದ್ದ ಮುದಿ ಎಮ್ಮೆಯನ್ನು ಕಂಡು ಬೆರಗಾದ.

"ಎಮ್ಮಕ್ಕ, ಹಗಲೆಲ್ಲ ಅಗಿಯುವ ನಿನಗೆ ದವಡೆ ನೋಯುವುದಿಲ್ಲವೇ?"

"ಇಲ್ಲ. ನೀನೀಗ ಏನು ಅಗಿಯುತ್ತಿದ್ದೀಯೆ?"

"ಏನೂ ಇಲ್ಲ. ಬಾಯಿ ಖಾಲಿ."

"ಮತ್ತೆ ಹಲ್ಲು ಕಟಕಟ ಎನ್ನುತ್ತಿದೆಯಲ್ಲ?"

ಕಿರುಬ ಆಗಷ್ಟೇ ಅದನ್ನು ಗಮನಿಸಿದ. "ನನ್ನ ಬೇಟೆ ಕಸಿದುಕೊಂಡ ಚಿರತೆಯ ಮೇಲೆ ಹಲ್ಲು ಮಸೆಯುತ್ತಿದ್ದೇನೆ. ನಿದ್ದೆಯಲ್ಲೂ ಮಸೆಯುತ್ತೇನಂತೆ, ಹೆಂಡತಿ ಹೇಳುತ್ತಾಳೆ."

"ನಾನು ಅಗಿದು ನಿಲ್ಲಿಸುತ್ತೇನೆ, ನೀನು ನಿಲ್ಲಿಸುವುದೇ ಇಲ್ಲ. ಬಿಸಿಲಿಗೆ ಕಾದ ಕೆಸರನ್ನು ಕೆನ್ನೆಗೆ ಮೆತ್ತಿಕೋ. ಸ್ವಲ್ಪ ಕಾಲ ಎಲುಬು ಬಿಟ್ಟು ಮೆತ್ತಗಿನದನ್ನು ತಿನ್ನು. ತುಟಿ ಮುಚ್ಚಿರಲಿ, ಆದರೆ ಹಲ್ಲಿಗೆ ಹಲ್ಲು ತಾಗದಿರಲಿ."

ಕಿರುಬ ಹಾಗೆಯೇ ಮಾಡಿದ. ನೋವು ಇಳಿಯುತ್ತ ಬಂದಿದ್ದಾಗ ಒಂದು ಸಂಜೆ ಆ ಚಿರತೆಯೇ ಎದುರು ಬಂತು. ಅವನ ಹಲ್ಲುಗಳು ತಾವಾಗಿಯೇ ಕೂಡಿಕೊಳ್ಳಲು ಹೊರಟವು. ಅವನು ದವಡೆಯನ್ನು ಸಡಿಲಬಿಟ್ಟ. ಹಲ್ಲು ಕಚ್ಚದೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಸಿಟ್ಟು ಬರಲೇ ಇಲ್ಲ. ಚಿರತೆಯ ಮುಂಗಾಲು ಕುಂಟುತ್ತಿದ್ದುದು ಅವನಿಗೆ ಕಂಡದ್ದು ಆಗಲೇ.

"ನಿನ್ನ ಕಾಲಿಗೇನಾಯಿತು?" ಎಂದು ಕೇಳಿದ.

ಚಿರತೆ ಅವನ ಮುಖವನ್ನೇ ನೋಡಿ, ಪಕ್ಕದಲ್ಲಿ ಕುಳಿತು, ಹೇಳತೊಡಗಿತು.